ಕುಡಿಯದವನ ಯಕೃತ್ತು

“ಗುರುಗಳೇ, ಹೆಂಡವನ್ನು ಮೂಸಿಯೂ ನೋಡದವನ ಯಕೃತ್ತು ಕುಡುಕನ ಯಕೃತ್ತಿನ ಹಾಗೆ ಕೆಟ್ಟರೆ, ಅದು ಯಾವ ನ್ಯಾಯ?” ಎಂದು ಮುರಿಗೆಯ್ಯ ಕೇಳಿದ.

ಅವನು ಮಠದ ದಾಸೋಹದ ಅಡುಗೆಮನೆ ನೋಡಿಕೊಳ್ಳುವ ಶಿಷ್ಯ. ಪಾಠ ಮುಗಿದು ಉಳಿದವರೆಲ್ಲ ಎದ್ದುಹೋದ ಮೇಲೂ ಕುಳಿತೇ ಇದ್ದ.

“ಯಾರಿಗೆ ಹಾಗಾಯಿತು?” ಎಂದರು ಗುರುಗಳು.

“ಯಾರಿಗೂ ಇಲ್ಲ. ಹಾಗೆಲ್ಲ ಆಗುತ್ತದಂತೆ, ಕೇಳಿದೆ.”

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಬಸ್ ನಿಲ್ದಾಣದ ಪಕ್ಕದ ಸಾರಾಯಿ ಅಂಗಡಿಯನ್ನು ಎತ್ತಿಸಲು ಜನರನ್ನು ಕೂಡಿಸಿದವನು ಅವನೇ. ಕುಡಿತದಿಂದ ಯಕೃತ್ತು ಹೇಗೆ ಹಾಳಾಗುತ್ತದೆ ಎಂದು ಸಭೆಗಳಲ್ಲಿ ಎದ್ದುನಿಂತು ಹೇಳುತ್ತಿದ್ದ. ಅವನ ಮಾತು ಕೇಳಿ ಕುಡಿತ ಬಿಟ್ಟವರಿದ್ದರು. ಅವರ ಮನೆಯ ಹೆಂಗಸರು ಅವನನ್ನು ಕಂಡರೆ ಕೈಮುಗಿಯುತ್ತಿದ್ದರು. ಉಣ್ಣುವುದರಲ್ಲಿ ಮಾತ್ರ ಅವನಿಗೆ ಯಾವ ನೇಮವೂ ಇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿರುತ್ತಿದ್ದ. ಗಿರಾಕಿ ಬಂದಾಗಲೆಲ್ಲ ಅವರಿಗೂ ತನಗೂ ಸಿಹಿ ಚಹಾ, ಇಲ್ಲವೇ ಬಾಟಲಿಯ ತಂಪು ಪಾನೀಯ ತರಿಸುತ್ತಿದ್ದ. ಹೊಟ್ಟೆ ಬಂದಿತ್ತು. ಅನುಕೂಲಸ್ಥರ ಲಕ್ಷಣ ಎಂದು ಜನ ಅದನ್ನೂ ಮೆಚ್ಚುತ್ತಿದ್ದರು.

ಒಮ್ಮೆ ಅವನು ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಹೋದ. ಅದಕ್ಕೆ ಮೊದಲು ಮಾಡಿದ ಪರೀಕ್ಷೆಯಲ್ಲಿ ರಕ್ತದಲ್ಲಿ ಸಕ್ಕರೆ ಹೆಚ್ಚಿತ್ತು. ವೈದ್ಯೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಅದನ್ನು ನೋಡಿ, “ಕುಡಿಯುವ ಅಭ್ಯಾಸ ಇದೆಯೇ?” ಎಂದು ಕೇಳಿದರು.

ವ್ಯಾಪಾರಿಯ ಕಿವಿ ಬಿಸಿಯಾಯಿತು. “ನಮ್ಮೂರಲ್ಲಿ ಯಾರನ್ನು ಬೇಕಾದರೂ ಕೇಳಿ,” ಎಂದ.

“ಬೇಸರ ಮಾಡಿಕೊಳ್ಳಬೇಡಿ, ಎಲ್ಲರನ್ನೂ ಕೇಳುತ್ತೇವೆ. ನಿಮ್ಮ ಲಿವರಿನಲ್ಲಿ ಕೊಬ್ಬು ತುಂಬಿದೆ. ಕುಡಿಯದವರಿಗೂ ಇದು ಬರುತ್ತದೆ. ಬೊಜ್ಜು, ಸಕ್ಕರೆ ಕಾಯಿಲೆ, ಮೈಗೆ ದಣಿವಿಲ್ಲದ ಬದುಕು, ಇವೆಲ್ಲ ಸೇರಿ ತರುತ್ತವೆ. ನೋವಿರುವುದಿಲ್ಲ, ಅದರಿಂದಲೇ ಜನ ಮೋಸಹೋಗುತ್ತಾರೆ. ಈಗಿನಿಂದಲೇ ನಡೆಯಿರಿ, ಸಿಹಿ ಬಿಡಿ, ನಿಧಾನವಾಗಿ ತೂಕ ಇಳಿಸಿ. ಲಿವರ್ ಇನ್ನೂ ಹಿಂದಿನಂತಾಗುವ ಹಂತದಲ್ಲಿದೆ. ಅಲಕ್ಷ್ಯ ಮಾಡಿದರೆ ಒಳಗೊಳಗೇ ಗಟ್ಟಿಯಾಗುತ್ತಾ ಹೋಗಬಹುದು.”

ವೈದ್ಯೆ ಇಷ್ಟೆಲ್ಲ ಹೇಳಿದರೂ ವ್ಯಾಪಾರಿಯ ತಲೆಯಲ್ಲಿ ಉಳಿದದ್ದು ಮೊದಲ ಪ್ರಶ್ನೆಯೊಂದೇ. ಇವರೇ ಹೀಗೆ ಕೇಳಿದರೆ ಊರು ಏನು ಕೇಳೀತು? ಮೇಲೆ ಒಳ್ಳೆಯವನು, ಒಳಗೊಳಗೇ ಕುಡುಕ ಎನ್ನುವುದಿಲ್ಲವೇ? ಅವನು ಹೆಂಡತಿಗೂ ಹೇಳಲಿಲ್ಲ.

ಅಂದಿನಿಂದ ಅವನಿಗೆ ನೆಮ್ಮದಿ ಇಲ್ಲವಾಯಿತು. ಬೆಳಗ್ಗೆ ಎದ್ದರೆ ಕನ್ನಡಿಯ ಮುಂದೆ ನಿಂತು ಕಣ್ಣು ಹಳದಿಯಾಗಿದೆಯೇ ಎಂದು ರೆಪ್ಪೆ ಎಳೆದು ನೋಡುತ್ತಿದ್ದ. ಅಂಗಡಿಯಲ್ಲಿ ಕುಳಿತು ಬಲ ಪಕ್ಕೆಯ ಕೆಳಗೆ ಒತ್ತಿಕೊಳ್ಳುತ್ತಿದ್ದ. ಗಿರಾಕಿ ಮೆಟ್ಟಿಲೇರಿದರೆ ಕೈ ತೆಗೆಯುತ್ತಿದ್ದ. ಯಾರಾದರೂ “ಸುಸ್ತಾದ ಹಾಗೆ ಕಾಣುತ್ತೀರಿ” ಎಂದರೆ ಮಾತು ಬದಲಿಸುತ್ತಿದ್ದ.

ಒಂದು ಮುಂಜಾನೆ ನಡೆಯಲು ಹೊರಟ. ಎದುರಾದ ಗೆಳೆಯನೊಬ್ಬ, “ಏನು, ಡಾಕ್ಟರು ನಡೆ ಅಂದರೇ?” ಎಂದು ನಕ್ಕ. ಮರುದಿನದಿಂದ ವ್ಯಾಪಾರಿ ಹೊರಗೆ ಕಾಲಿಡಲಿಲ್ಲ. ಮದುವೆ ಮನೆಯಲ್ಲಿ ಹೋಳಿಗೆ ಬೇಡವೆಂದರೆ ಏಕೆಂದು ಕೇಳುತ್ತಾರೆ. ಅದಕ್ಕೆ ಹೆದರಿ ಹಾಕಿಸಿಕೊಂಡ. ಬೇಡವೆನ್ನುವ ಮನಸ್ಸಿದೆ ಎಂಬುದು ಯಾರಿಗೂ ಕಾಣಬಾರದೆಂದು ಇನ್ನೊಂದು ಕೇಳಿ ಹಾಕಿಸಿಕೊಂಡ.

ಕೊನೆಗೆ ಅವನು ತನ್ನ ಗುರುತಿಲ್ಲದ ಒಂದು ಊರಿಗೆ ಬಸ್ ಹತ್ತಿ ಹೋದ. ಅಲ್ಲಿ ಯಕೃತ್ತನ್ನು ತೊಳೆಯುವ ಪುಡಿ ಕೊಡುತ್ತೇನೆಂದು ಹೇಳಿಕೊಳ್ಳುವವನೊಬ್ಬನಿದ್ದ. ಪುಡಿಯಲ್ಲಿ ಏನಿದೆ ಎಂದು ಇವನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಕೊಪ್ಪರಿಗೆಗಳ ಮರೆಯಲ್ಲಿ ನಿಂತು ಅದನ್ನು ನುಂಗುತ್ತಿದ್ದ. ನುಂಗಿದ ದಿನ ಧೈರ್ಯ ಬರುತ್ತಿತ್ತು. ಧೈರ್ಯ ಬಂದ ದಿನ ಊಟ ಹೆಚ್ಚಾಗುತ್ತಿತ್ತು. ಹೀಗೇ ಎರಡು ವರ್ಷ ಕಳೆಯಿತು.

ಒಂದು ಬೆಳಗ್ಗೆ ಕನ್ನಡಿಯಲ್ಲಿ ಕಣ್ಣು ನಿಜವಾಗಿಯೂ ಹಳದಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ನಿಲ್ಲಲಾಗದೆ ಗಲ್ಲಾಪೆಟ್ಟಿಗೆಯ ಮೇಲೆ ಒರಗಿದ. ಅಕ್ಕಪಕ್ಕದವರು ಎತ್ತಿಕೊಂಡು ಆಸ್ಪತ್ರೆಗೆ ಒಯ್ದರು. ಅದೇ ವೈದ್ಯೆ ಇದ್ದರು. ಅವರು ಕೇಳಿದಾಗ ಪುಡಿಯ ವಿಷಯ ಬಾಯಿಬಿಟ್ಟ. ಹಳದಿಗೆ ಪುಡಿಯೇ ಕಾರಣ, ಅದನ್ನು ನಿಲ್ಲಿಸಿದರೆ ಇಳಿಯಬಹುದು ಎಂದರು. ಆದರೆ ಅದರ ಕೆಳಗೆ ಯಕೃತ್ತು ಗಟ್ಟಿಯಾಗತೊಡಗಿತ್ತು. “ಇನ್ನು ಎಷ್ಟು ಸರಿಹೋಗುತ್ತದೆ ಎಂದು ನಾನು ಮಾತು ಕೊಡಲಾರೆ. ಉಳಿದದ್ದನ್ನು ಉಳಿಸಿಕೊಳ್ಳೋಣ,” ಎಂದರು.

ಊರಿಗೆ ಸುದ್ದಿ ಮುಟ್ಟಿತು. ಅವನು ಹೆದರಿದ ಮಾತನ್ನೇ ಊರು ಆಡಿಕೊಂಡಿತು. ಹೆಂಡತಿ ಮಂಚದ ಪಕ್ಕ ಕುಳಿತು ಒಂದೇ ಒಂದು ಮಾತು ಕೇಳಿದಳು. “ನನಗಾದರೂ ಹೇಳಬಾರದಿತ್ತೇ?” ಅವನು ಗೋಡೆಯ ಕಡೆ ತಿರುಗಿದ.

ಸಂಜೆ ಒಬ್ಬ ಹಮಾಲಿ ನೋಡಲು ಬಂದ. ಹಿಂದೊಮ್ಮೆ ಈ ವ್ಯಾಪಾರಿಯ ಮಾತು ಕೇಳಿ ಕುಡಿತ ಬಿಟ್ಟವನು. ಮಂಚದ ಬದಿಯಲ್ಲಿ ಕೈಕಟ್ಟಿ ನಿಂತು ಮೆಲ್ಲಗೆ ಹೇಳಿದ. “ಕುಡಿದಿದ್ದರೂ ಚಿಂತೆಯಿಲ್ಲ, ಸಾವಕಾರರೇ. ಬಿಡಬಹುದು. ನಾನು ಬಿಡಲಿಲ್ಲವೇ? ನಿಮ್ಮ ಜೊತೆ ನಾನಿರುತ್ತೇನೆ.”

ನಾನು ಕುಡಿಯುವವನಲ್ಲ ಎಂಬ ಮಾತು ವ್ಯಾಪಾರಿಯ ಬಾಯವರೆಗೂ ಬಂತು. ಹಮಾಲಿಯ ಮುಖ ನೋಡಿದ. ಅಲ್ಲಿ ಹೇಸಿಗೆ ಇರಲಿಲ್ಲ. ತಿರಸ್ಕಾರವೂ ಇರಲಿಲ್ಲ.

“ಬಿಡುತ್ತೇನೆ,” ಎಂದ ವ್ಯಾಪಾರಿ.

ಆಸ್ಪತ್ರೆಯಿಂದ ಬಂದ ಮೇಲೆ ಅವನು ಸಿಹಿ ಬಿಟ್ಟ. ಅನ್ನ ಕಡಿಮೆ ಮಾಡಿದ. ಮುಂಜಾನೆ ಹಮಾಲಿಯ ಜೊತೆ ನಡೆದ. ನೋಡಿದವರು ಏನೇನೋ ಅಂದುಕೊಂಡರು. ಕೇಳಿದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕೆಲವರು ನಂಬಿದರು, ಕೆಲವರು ನಂಬಲಿಲ್ಲ. ತೂಕ ಇಳಿಯಿತು, ಸಕ್ಕರೆ ಹತೋಟಿಗೆ ಬಂತು. ಯಕೃತ್ತು ಮತ್ತಷ್ಟು ಕೆಡಲಿಲ್ಲ, ಪೂರ್ತಿ ಗುಣವೂ ಆಗಲಿಲ್ಲ. ಇಂದಿಗೂ ತಪಾಸಣೆಗೆ ಹೋಗುವ ದಿನ ಅವನು ಕನ್ನಡಿಯ ಮುಂದೆ ನಿಂತು ರೆಪ್ಪೆ ಎಳೆದು ನೋಡುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಯ್ಯ ನೆಲ ನೋಡುತ್ತಿದ್ದ. ನ್ಯಾಯದ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

“ಮೊದಲ ದಿನವೇ ವೈದ್ಯೆಯ ಮಾತು ಕೇಳಿದ್ದರೆ ಆ ವ್ಯಾಪಾರಿಗೆ ಗುಣವಾಗುತ್ತಿತ್ತೇ?” ಎಂದು ಕೇಳಿದ.

ಗುರುಗಳು ಅವನನ್ನೇ ನೋಡಿ ಕೇಳಿದರು.

“ನಿನಗೆ ವೈದ್ಯರು ಹೇಳಿ ಎಷ್ಟು ದಿನವಾಯಿತು?”