ಮುಚ್ಚಳದ ಒಳಗಿನ ಅಕ್ಷರ

ಒಂದು ಕಾಡಿನಲ್ಲಿ, ಬಸರಿ ಮರದ ಬುಡದಲ್ಲಿ, ದ್ಯಾವಣ್ಣ ಎಂಬ ಮುಳ್ಳುಹಂದಿ ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಮೊದಲು ಅಲ್ಲಿ ಇಬ್ಬರು ಕೂರುತ್ತಿದ್ದರು. ಹೆಂಡತಿ ಸಂಕಮ್ಮ ಕೆಲಸದಲ್ಲಿ ಅವನಿಗಿಂತ ಒಂದು ಕೈ ಮೇಲು. ರಿಪೇರಿ ಮುಗಿದ ಮೇಲೆ ಗಡಿಯಾರ ಯಾರದು ಎಂದು ಹಿಂದಿನ ಮುಚ್ಚಳದ ಒಳಗೆ ಮುಳ್ಳಿನಿಂದ ಗೀಚಿಡುವುದು ಆ ಕಸುಬಿನ ಪದ್ಧತಿ. ಅದನ್ನು ಸಂಕಮ್ಮನೇ ಮಾಡುತ್ತಿದ್ದಳು.

ಅವಳು ತೀರಿಕೊಂಡು ಮೂರು ವರ್ಷವಾಗಿತ್ತು. ದ್ಯಾವಣ್ಣನಿಗೆ ಅವಳಿಲ್ಲದ ಬದುಕು ಒಗ್ಗಲೇ ಇಲ್ಲ. ಅವಳ ಅಕ್ಷರವನ್ನಾದರೂ ಒಮ್ಮೆ ನೋಡಬೇಕು ಎಂದು ಜೀವ ತುಡಿಯುತ್ತಿತ್ತು. ಆದರೆ ಅವಳು ರಿಪೇರಿ ಮಾಡಿದ್ದು ಅಷ್ಟು ಸುಲಭಕ್ಕೆ ಕೆಡಬೇಕಲ್ಲ! ಒಂದೂ ಮರಳಿ ಬಂದಿರಲಿಲ್ಲ.

ಒಂದು ದಿನ ನರಿಯಪ್ಪ ಹೊಸ ಬಣ್ಣ ಬಳಿದ ಅಲಾರಂ ಗಡಿಯಾರ ತಂದ. "ನಮ್ಮ ತಾತನದು ದ್ಯಾವಣ್ಣ. ಕೈಜಾರಿ ಬಿದ್ದು ನಿಂತುಬಿಡ್ತು. ಇವತ್ತಿನವರೆಗೂ ಇದನ್ನ ಬಿಚ್ಚಿದ್ದೇ ಇಲ್ಲ!" ಅಂದ.

ದ್ಯಾವಣ್ಣ ಮುಚ್ಚಳ ತೆಗೆದ. ಒಳಗೆ ಸಂಕಮ್ಮನ ಓರೆ ಅಕ್ಷರ: 'ಜಿಂಕೆ ಕೆಂಚಮ್ಮನದು.' ಅವನ ಕಣ್ಣು ತುಂಬಿ ಬಂತು. ಕೆಂಚಮ್ಮನ ಗಡಿಯಾರ ಹೋದ ವಾರವಷ್ಟೇ ಕಳುವಾಗಿತ್ತು.

ನರಿಯಪ್ಪ ಬಗ್ಗಿ ನೋಡಿದ. ಸಿಕ್ಕಿಬಿದ್ದೆ ಎಂದು ತಿಳಿಯಿತು. ನರಿಯಲ್ಲವೇ, ತಕ್ಷಣ ದನಿ ತಗ್ಗಿಸಿದ. "ಅತ್ತಿಗೆ ಕೈಬರಹ ಅಲ್ವಾ? ಪಾಪ! ಈ ಮುಚ್ಚಳ ನೀನೇ ಇಟ್ಕೋ. ಬೇರೆ ಹಾಕಿ ಗಡಿಯಾರ ನನಗೆ ಕೊಟ್ಬಿಡು. ಒಂದು ನರಪಿಳ್ಳೆಗೂ ಗೊತ್ತಾಗಲ್ಲ."

ದ್ಯಾವಣ್ಣ ಮುಚ್ಚಳವನ್ನು ಎದೆಗೊತ್ತಿಕೊಂಡ. ಬಿಡಲು ಮನಸ್ಸೇ ಬರಲಿಲ್ಲ. ಆ ಅಕ್ಷರವನ್ನು ಇನ್ನೊಮ್ಮೆ ಓದಿದ.

"ಇದು ಕೆಂಚಮ್ಮನದು ಅಂತ ನನ್ನ ಹೆಂಡತಿಯೇ ಬರೆದಿದ್ದಾಳೆ ಕಣೋ. ಅವಳ ಮಾತನ್ನ ಸುಳ್ಳು ಮಾಡಿ ಅವಳ ಅಕ್ಷರ ಹೇಗೆ ಇಟ್ಕೊಳ್ಳಲಿ?" ಎಂದವನೇ, ಹೊರಗೆ ಕೈಗಡಿಯಾರಕ್ಕಾಗಿ ಕಾಯುತ್ತಿದ್ದ ಕರಡಿಯನ್ನು ಕೂಗಿದ. "ಕರಡಿ ಮಾವ, ಕಳ್ಳನ್ನ ಹಿಡೀರಿ!"

ಕರಡಿ ನರಿಯಪ್ಪನ ಬಾಲಕ್ಕೇ ಕೈ ಹಾಕಿತು. ಮಳೆಗಾಲ ಮುಗಿಯುವ ತನಕ ಗಂಟೆಗೊಮ್ಮೆ ಕಾಡು ಸುತ್ತಿ ಸಮಯ ಕೂಗಬೇಕು ಎಂದು ದೊರೆ ಹುಲಿರಾಯ ನರಿಯಪ್ಪನಿಗೆ ಶಿಕ್ಷೆ ವಿಧಿಸಿದ. ಕೂಗಿ ಕೂಗಿ ಅವನ ಗಂಟಲು ಬಿದ್ದುಹೋಯಿತು.

ಇತ್ತ ದ್ಯಾವಣ್ಣ ಗಡಿಯಾರ ಸರಿಮಾಡಿದ. ಒಂದು ತಿರುಪು ಸಡಿಲ ಬಿಟ್ಟರೆ ಆರು ತಿಂಗಳಿಗೆ ಮತ್ತೆ ಇಲ್ಲಿಗೇ ಬರುತ್ತದೆ, ಆ ಅಕ್ಷರ ಮತ್ತೆ ನೋಡಬಹುದು. ಆಸೆಯೇನೋ ಆಯಿತು. ಆದರೂ ಎಲ್ಲವನ್ನೂ ಬಿಗಿಯಾಗಿಯೇ ತಿರುಗಿಸಿ ಮುಚ್ಚಳ ಹಾಕಿದ.

"ಮತ್ತೆ ಬೇಗ ಕೆಡುತ್ತಾ ಅಣ್ಣಾ?" ಎಂದು ಗಡಿಯಾರ ಒಯ್ಯಲು ಬಂದ ಕೆಂಚಮ್ಮ ಕೇಳಿದಳು.

"ಇಲ್ಲಮ್ಮ, ಇನ್ನು ಹತ್ತು ವರ್ಷ ನೀನು ಈ ಕಡೆ ಬರೋ ಹಾಗಿಲ್ಲ" ಎಂದು ದ್ಯಾವಣ್ಣ ಕಣ್ಣೊರೆಸಿಕೊಂಡ.

ನೀತಿ: ಅಗಲಿದವರಿಗಾಗಿ ಮನಸ್ಸು ಎಷ್ಟೇ ಹಂಬಲಿಸಿದರೂ ನಿಯತ್ತು ಬಿಡಬಾರದು, ನಿಯತ್ತಾಗಿ ಬಾಳುವುದೇ ಅವರಿಗೆ ನಾವು ಕೊಡುವ ಮರ್ಯಾದೆ.