ಹಲ್ಲಿಯ ಸಾಕ್ಷಿ

ವಿಮಲಾಕ್ಷಿಯ ಜೊತೆ ಅಗ್ಗದ ಲಾಡ್ಜಿನ ಕತ್ತಲೆ ಕೋಣೆಗೆ ಬಂದ ಮೊಬೈಲಿಗೆ ಒಂದೇ ಚಿಂತೆ: ಮಧ್ಯಾಹ್ನ ಹನ್ನೆರಡರೊಳಗೆ ಅವಳ ನೌಕರಿಯ ಅರ್ಜಿ ಕಳಿಸಬೇಕು. ಗೋಡೆಯ ಮೇಲಿದ್ದ ರೌಟರನ್ನು ಅದು ಕೇಳಿತು, “ಅಣ್ಣಾ, ನೆಟ್ ಇದೆಯೇ?”

“ಮೂರು ಹಸಿರು ದೀಪ ಉರಿಯುತ್ತಿವೆ, ಕಾಣುವುದಿಲ್ಲವೇ? ಬೇಕಾದಷ್ಟಿದೆ,” ಎಂದಿತು ರೌಟರ್. ಪಕ್ಕದಲ್ಲಿದ್ದ ಹಲ್ಲಿ ಲೊಚಗುಟ್ಟಿತು.

ಹಲ್ಲಿ ಲೊಚಗುಟ್ಟಿದ ಮಾತು ಸತ್ಯವೆಂದು ಹಿರಿಯರು ಹೇಳುವುದುಂಟು. ಮೊಬೈಲು ನಂಬಿ ಕಾಯಿತು. ಅರ್ಧ ಗಂಟೆಯಾದರೂ ಅರ್ಜಿ ಕದಲಲಿಲ್ಲ.

“ದೂರು ದಾಖಲಾಗಿದೆ. ಇನ್ನೇನು ಸರಿಹೋಗುತ್ತದೆ,” ಎಂದಿತು ರೌಟರ್. ಹಲ್ಲಿ ಮತ್ತೆ ಲೊಚಗುಟ್ಟಿತು.

ಮೊಬೈಲಿಗೆ ಕುತೂಹಲವಾಯಿತು. ಪರೀಕ್ಷಿಸೋಣವೆಂದು, “ಈ ಲಾಡ್ಜು ಸಮುದ್ರದ ಮೇಲೆ ತೇಲುತ್ತಿದೆ,” ಎಂದಿತು. ಹಲ್ಲಿ ಅದಕ್ಕೂ ಲೊಚಗುಟ್ಟಿತು.

“ಹಲ್ಲಿಯಕ್ಕಾ, ಏನು ನೋಡಿ ಹೌದೆನ್ನುತ್ತೀ?”

“ನೋಡುವುದೇನು ಬಂತು ಮಾರಾಯ? ರೌಟರಿನ ಈ ದೀಪಕ್ಕೆ ಹುಳ ಬರುತ್ತವೆ, ನನ್ನ ಹೊಟ್ಟೆ ತುಂಬುತ್ತದೆ; ಇಲ್ಲಿ ಯಾರು ಏನೆಂದರೂ ಹೌದೆನ್ನುತ್ತೇನೆ.”

ಮೊಬೈಲು ತಡಮಾಡಲಿಲ್ಲ. ಕಿಟಕಿಯಿಂದಲೇ ಎದುರಿನ ಚಹಾದಂಗಡಿಯ ಹಳೆಯ ಫೋನನ್ನು ಕೂಗಿ, ನೆಟ್ ಇದೆಯೇ ಎಂದು ಕೇಳಿತು.

“ನನ್ನಲ್ಲಿರುವುದು ಸಿಗ್ನಲ್ಲಿನ ಒಂದೇ ಗೆರೆ ತಮ್ಮಾ, ಅದೂ ಬಂದು ಬಂದು ಹೋಗುತ್ತದೆ. ಬಂದಾಗ ಹೇಳಿ ನಿನಗೂ ಹಂಚುತ್ತೇನೆ, ಸಿದ್ಧವಾಗಿರು,” ಎಂದಿತು ಅದು.

ಹನ್ನೆರಡಕ್ಕೆ ಎರಡು ನಿಮಿಷವಿರುವಾಗ ಆ ಒಂದು ಗೆರೆಯಲ್ಲೇ ಅರ್ಜಿ ಹೋಗಿ ಮುಟ್ಟಿತು.