ಒಳಕೋಣೆಯ ಚಿತ್ರ

“ಅಜ್ಜಾರ, ಮಠದ ಕಂಪ್ಯೂಟರು ನಾ ಹೇಳಲಾರದ ತಾನಽ ಇಂಟರ್ನೆಟ್ಟಿಗೆ ಕೂಡ್ಕೋತೈತ್ರಿ. ಬಂದ್ ಮಾಡ್ತೀನಿ. ಮರುದಿನ ಮುಂಜಾನೆ ನೋಡಿದ್ರ ಮತ್ತ ಕೂಡಿರ್ತೈತಿ. ಆದ್ರ ಅದರೊಳಗ ಮುಚ್ಚಿಡೂವಂಥಾದ್ದು ಏನೂ ಇಲ್ಲ. ಹಂಗಾದ್ರ ಚಿಂತಿ ಮಾಡೂದು ಬ್ಯಾಡ, ಹೌದಲ್ಲರಿ?” ಎಂದು ಶಿಷ್ಯ ಮರುಳಯ್ಯ ಕೇಳಿದ.

ಮಠದ ಸ್ವಾಮಿಗಳನ್ನು ಆ ಕಡೆಯ ಜನ ಅಜ್ಜಾರು ಎಂದೇ ಕರೆಯುವುದು. ಅಜ್ಜಾರು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ಉತ್ತರವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಪ್ರಶ್ನೆ ಕೇಳುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

“ನಿನಗ ಚಿಂತಿ ಇಲ್ಲಂದ್ರ ಆತು. ಕುಂಡ್ರು,” ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಹೆಂಡತಿ ಇದ್ದಳು, ಮಕ್ಕಳಿರಲಿಲ್ಲ. ಮನೆಯಲ್ಲಿ ಒಂದು ಮಗ್ಗ, ಒಂದು ಕಂಪ್ಯೂಟರು. ನೇಕಾರನ ಮನೆಯಲ್ಲಿ ಕಂಪ್ಯೂಟರು ಏಕೆ ಎಂದು ಹುಬ್ಬು ಏರಿಸಬೇಡ. ಈಗ ಸೀರೆಯ ದಡಿ, ಅಂದರೆ ಅಂಚು, ಮೊದಲು ಅದರಲ್ಲಿ ಮೂಡಿ ಆಮೇಲೆ ಮಗ್ಗಕ್ಕೆ ಬರುತ್ತದೆ. ಪಟ್ಟಣದ ಒಬ್ಬ ಸೀರೆ ವ್ಯಾಪಾರಿ ಆ ಕೇರಿಯ ಹಲವು ಮನೆಗಳಿಗೆ ಇಂಥ ಕಂಪ್ಯೂಟರು ಕೊಡಿಸಿದ್ದ. ಅವನ ಆಳು ವಾರಕ್ಕೊಮ್ಮೆ ಬರುತ್ತಿದ್ದ. ಆ ಆಳಿನ ಜೇಬಿನಲ್ಲಿದ್ದ ಫೋನಿನಿಂದಲೇ ಮನೆಮನೆಯ ಕಂಪ್ಯೂಟರಿಗೆ ಇಂಟರ್ನೆಟ್ ಸಿಗುತ್ತಿತ್ತು, ಹೊಸ ದಡಿಗಳ ಚಿತ್ರಗಳು ಅದರ ಮೂಲಕ ತಾವಾಗಿಯೇ ವ್ಯಾಪಾರಿಯ ಅಂಗಡಿಗೆ ಹೋಗುತ್ತಿದ್ದವು. ನೇಕಾರನ ಮನೆಯಲ್ಲಿ ಬೇರೆ ಇಂಟರ್ನೆಟ್ ಇರಲಿಲ್ಲ.

ನೇಕಾರನ ಹೆಂಡತಿಗೆ ಒಬ್ಬ ಬಾಲ್ಯದ ಗೆಳತಿಯಿದ್ದಳು. ಅವಳು ತೀರಿಕೊಂಡು ಬಹಳ ದಿನವಾಗಿತ್ತು. ಒಂದು ಮುಂಜಾನೆ ಆ ಗೆಳತಿಯ ಮಗಳು ಬಂದು ಬಾಗಿಲಲ್ಲಿ ನಿಂತಳು. ಗಂಡನ ಮನೆಯಿಂದ ಓಡಿ ಬಂದಿದ್ದಳು. ಒಳಗೆ ಹೋಗಿ ಬೆನ್ನು ತೋರಿಸಿದಳು. ನೇಕಾರನ ಹೆಂಡತಿ ನೋಡಿ, ಏನೂ ಕೇಳದೆ, ಕೊಬ್ಬರಿ ಎಣ್ಣೆ ತಂದು ಸವರಿದಳು. ಹುಡುಗಿ ಹಿಂದೊಮ್ಮೆ ತವರಿಗೆ ಓಡಿಹೋಗಿದ್ದಳಂತೆ. ತಂದೆ ಮರುದಿನವೇ ಕರೆದುಕೊಂಡು ಹೋಗಿ ಗಂಡನ ಮನೆಯಲ್ಲಿ ಬಿಟ್ಟುಬಂದಿದ್ದನಂತೆ.

“ಈ ಸಲ ಸಿಕ್ಕರ ಅಂವ ನನ್ನ ಜೀವಂತ ಬಿಡೂದಿಲ್ಲ ಕಾಕಾ. ನಾ ಇಲ್ಲಿರೂದು ಯಾರಿಗೂ ಹೇಳಬ್ಯಾಡ್ರಿ,” ಎಂದಳು.

“ನಮ್ಮ ಮನ್ಯಾಗಿಂದ ಮಾತು ಹೊರಗ ಹೋಗೂದಿಲ್ಲವ್ವಾ. ಮಾತು ಕೊಟ್ಟೇನಿ,” ಎಂದ ನೇಕಾರ.

ಮಾತು ಕೊಡುವುದು ಬಾಯಿಯ ಕೆಲಸ ಎಂದು ನೀನು ತಿಳಿದಿರಬಹುದು. ಆ ಗಂಡ ಹೆಂಡಿರು ಅದನ್ನು ಉಳಿಸಿಕೊಳ್ಳಲು ಏನೇನು ಮಾಡಿದರು ಕೇಳು. ಹುಡುಗಿಯ ಬಟ್ಟೆಯನ್ನು ಹಿತ್ತಲ ತಂತಿಗೆ ಹಾಕಲಿಲ್ಲ, ಅಡುಗೆಮನೆಯ ಹೊಗೆಯಲ್ಲಿ ಒಣಗಿಸಿದರು. ಹಾಲಿನವಳ ಹತ್ತಿರ ಹಾಲು ಹೆಚ್ಚಿಗೆ ಹಾಕಿಸಿಕೊಳ್ಳಲಿಲ್ಲ, ತಾವಿಬ್ಬರೂ ಚಹಾ ಬಿಟ್ಟು ಹುಡುಗಿಗೆ ಹಾಲು ಕೊಟ್ಟರು. ಅಂಗಳಕ್ಕೆ ತಾನು ರಂಗೋಲಿ ಹಾಕುತ್ತೇನೆ ಎಂದು ಹುಡುಗಿ ಒಮ್ಮೆ ಅಂದಳು. ಹೆಂಡತಿ ಬೇಡವೆಂದಳು. ಎಳೆಯುವ ಕೈ ಬದಲಾದರೆ ಕೇರಿಯ ಹೆಂಗಸರಿಗೆ ಆ ಕ್ಷಣವೇ ತಿಳಿಯುತ್ತದೆ. ಬಂದವರನ್ನೆಲ್ಲ ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ಅಲ್ಲೇ ಮಾತಾಡಿಸಿ, ಅಲ್ಲಿಂದಲೇ ಕಳಿಸಿದರು. ಹುಡುಗಿಗೆ ಕೆಮ್ಮು ಹತ್ತಿದಾಗ ನೇಕಾರ ಹೊತ್ತಲ್ಲದ ಹೊತ್ತಿನಲ್ಲೂ ಮಗ್ಗಕ್ಕೆ ಕೂತ. ಮಗ್ಗದ ಸದ್ದಿನಲ್ಲಿ ಕೆಮ್ಮು ಕೇಳುತ್ತಿರಲಿಲ್ಲ.

ಕಂಪ್ಯೂಟರನ್ನೂ ಅವನು ಮರೆಯಲಿಲ್ಲ. ನಿನ್ನಂಥ ಬುದ್ಧಿವಂತರು ಈ ಕತೆ ಹೇಳಿದರೆ ಇಲ್ಲೇ ಅವನನ್ನು ದಡ್ಡ ಮಾಡಿಬಿಡುತ್ತೀರಿ. ಅವನು ದಡ್ಡನಾಗಿರಲಿಲ್ಲ. ಹುಡುಗಿ ಬಂದ ವಾರವೇ, ಅವಳನ್ನು ಅಟ್ಟ ಹತ್ತಿಸಿ, ವ್ಯಾಪಾರಿಯ ಆಳನ್ನು ಒಳಗೆ ಕರೆದ.

“ಇನ್ ಮ್ಯಾಲೆ ಇದನ್ನ ಇಂಟರ್ನೆಟ್ಟಿಗೆ ಕೂಡಿಸಬ್ಯಾಡಪಾ. ನನ್ನ ದಡಿ ಮಂದಿ ಕದೀಲಿಕತ್ತಾರ. ಪೆನ್‌ಡ್ರೈವಿನ್ಯಾಗ ಹಾಕಿ ನಾನಽ ನಿನ್ನ ಕೈಯಾಗ ಕೊಡ್ತೀನಿ,” ಎಂದ.

ಆಳು ಒಳ್ಳೆಯವನು. ಏನೋ ಒತ್ತಿ ಸಂಪರ್ಕ ಕಡಿದ. “ಆತು ನೋಡ್ರಿ. ಇನ್ನ ನೀವು ಹೇಳಲಾರದ ಇದು ಎಲ್ಲೂ ಹೋಗೂದಿಲ್ಲ,” ಎಂದ.

ಅವನು ಕಡಿದದ್ದು ಆ ದಿನದ ಮಟ್ಟಿಗೆ ಮಾತ್ರ. ಆರಿಸಿ ಮತ್ತೆ ಹಚ್ಚಿದರೆ ಕಂಪ್ಯೂಟರು ಮೊದಲಿನ ಹಾಗೇ ಆಗುತ್ತದೆ, ಹಿಂದೆ ಒಮ್ಮೆ ಕಂಡ ಫೋನನ್ನು ಗುರುತು ಹಿಡಿದು ತಾನೇ ಕೂಡಿಕೊಳ್ಳುತ್ತದೆ ಎಂಬುದು ಆ ಆಳಿಗೂ ಗೊತ್ತಿರಲಿಲ್ಲ. ತಾನು ಹೇಳಿದ್ದು ನಿಜವೆಂದೇ ಅವನು ನಂಬಿದ್ದ. ಅಂದಿನಿಂದ ನೇಕಾರ ಅವನನ್ನೂ ಒಳಗೆ ಬಿಡಲಿಲ್ಲ. ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟು, ಪೆನ್‌ಡ್ರೈವ್ ಕೈಗಿಟ್ಟು ಕಳಿಸುತ್ತಿದ್ದ.

ಮಳೆಗಾಲ ಕಳೆಯಿತು. ಒಳಕೋಣೆಯಲ್ಲಿ ಕೂತು ಕೂತು ಹುಡುಗಿಗೆ ಹುಚ್ಚು ಹಿಡಿದ ಹಾಗಾಯಿತು. ಅವಳ ಕೈಗೆ ಏನಾದರೂ ಕೆಲಸವಿರಲಿ ಎಂದು ನೇಕಾರ ಕಂಪ್ಯೂಟರಿನಲ್ಲಿ ದಡಿ ಬರೆಯುವುದನ್ನು ಕಲಿಸಿದ. ಅವಳು ಹುಣಸೆ ಎಲೆಯ ಒಂದು ದಡಿ ಬರೆದಳು. ಎಳೆ ಎಲೆಗಳು, ಎದುರುಬದುರು. ನೇಕಾರ ಅದನ್ನು ಮಗ್ಗಕ್ಕೆ ಏರಿಸಿದ. ನೇಯುತ್ತ ಹೋದ ಹಾಗೆ ಅವನಿಗೇ ಆಶ್ಚರ್ಯವಾಯಿತು. ಅಂಥ ದಡಿ ಆ ಕೇರಿಯಲ್ಲಿ ಯಾರೂ ಮಗ್ಗದಿಂದ ಇಳಿಸಿರಲಿಲ್ಲ.

ಹೊಸ ದಡಿಯ ಮೊದಲ ಸೀರೆ ಇಳಿದಾಗ ಅದರ ಸೆರಗನ್ನು ಮನೆಮಗಳ ಹೆಗಲಿಗೆ ಹಾಕಿ ನೋಡುವುದು ಆ ಕೇರಿಯ ರೂಢಿ. ಮಗಳಿಲ್ಲದ ಮನೆಯವರು ಗೂಟಕ್ಕೆ ಹಾಕುತ್ತಾರೆ. ಈ ಗಂಡ ಹೆಂಡಿರು ಮದುವೆಯಾದಾಗಿನಿಂದ ಗೂಟಕ್ಕೇ ಹಾಕಿದ್ದರು. ಆ ದಿನ ಹೆಂಡತಿ ಸೀರೆಯನ್ನು ಕೈಯಲ್ಲಿ ಹಿಡಿದು, ಗೂಟದ ಕಡೆ ಹೋಗದೆ, ಹುಡುಗಿಯ ಕಡೆ ಹೋದಳು. ಸೆರಗು ಹಾಕಿದಳು. ಹಾಕಿ, ದೂರ ನಿಂತು ನೋಡಿ, ಅಳತೊಡಗಿದಳು. ಹುಡುಗಿಗೆ ತನ್ನನ್ನು ತಾನು ನೋಡಿಕೊಳ್ಳುವ ಆಸೆಯಾಯಿತು. ಆ ಮನೆಯಲ್ಲಿದ್ದದ್ದು ಅಂಗೈಯಗಲದ ಒಂದು ಕನ್ನಡಿ.

“ಕಂಪ್ಯೂಟರಿನ್ಯಾಗ ಒಂದು ಫೋಟೋ ತಗದು ತೋರಸ್ರಿ ಆಕಿಗೆ,” ಎಂದಳು ಹೆಂಡತಿ.

ನೇಕಾರ ತೆಗೆದ. ಕಂಪ್ಯೂಟರಿನ ನೆತ್ತಿಯಲ್ಲಿ ಕ್ಯಾಮೆರಾ ಇತ್ತು. ಹುಡುಗಿ ಚಿತ್ರ ನೋಡಿ ನಕ್ಕಳು. ಆ ಮನೆಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಕೂಡಲೇ ಅವಳ ಮುಖ ಸಣ್ಣದಾಯಿತು.

“ಇದು ಯಾರ ಕಡೆಗೂ ಹೋಗೂದಿಲ್ಲ ಹೌದಲ್ಲ ಕಾಕಾ?”

“ನಾ ಹೇಳಲಾರದ ಇದು ಹೊಸ್ತಿಲ ದಾಟೂದಿಲ್ಲವ್ವಾ.”

ನೇಕಾರ ಸುಳ್ಳು ಹೇಳಲಿಲ್ಲ. ತನಗೆ ಹೇಳಿದ್ದನ್ನೇ ಅವಳಿಗೆ ಹೇಳಿದ. ಚಿತ್ರಗಳನ್ನು ಇಡಲು ಅವನಿಗೆ ಗೊತ್ತಿದ್ದ ಜಾಗ ಒಂದೇ, ದಡಿಗಳ ಚಿತ್ರ ಇಡುವ ಜಾಗ. ಅದನ್ನೂ ಅಲ್ಲೇ ಇಟ್ಟ. ಅಳಿಸಲು ಮನಸ್ಸು ಬರಲಿಲ್ಲ. ನಿನಗಾದರೂ ಬರುತ್ತಿತ್ತೇನು?

ಆ ವಾರ ವ್ಯಾಪಾರಿಯ ಆಳು ಬಂದ. ಕಟ್ಟೆಯ ಮೇಲೆ ಕೂತ. ಹುಡುಗಿ ಒಳಕೋಣೆಯಲ್ಲಿ ಉಸಿರು ಬಿಗಿಹಿಡಿದು ಗೋಡೆಗೆ ಒತ್ತಿಕೊಂಡಳು. ನೇಕಾರ ಬಾಗಿಲಿಗೆ ಅಡ್ಡ ನಿಂತೇ ಮಾತಾಡಿದ. ಹೆಂಡತಿ ಬಾಗಿಲ ಸಂದಿಯಿಂದಲೇ ಚಹಾ ಚಾಚಿದಳು. ಮೂರು ಜನ ಮೂರು ಕಡೆ ಕಾವಲು ಕಾಯುತ್ತಿದ್ದರು. ಕಂಪ್ಯೂಟರು ಗೋಡೆಯ ಆಚೆ ಆಳಿನ ಜೇಬಿನಲ್ಲಿದ್ದ ಫೋನನ್ನು ಗುರುತು ಹಿಡಿಯಿತು. ಯಾರನ್ನೂ ಕೇಳಲಿಲ್ಲ, ಸದ್ದು ಮಾಡಲಿಲ್ಲ. ಆಳು ಚಹಾ ಕುಡಿದು ಮುಗಿಸುವುದರೊಳಗೆ ಚಿತ್ರ ಅಂಗಡಿ ಸೇರಿತ್ತು. ಅವನು ಬಟ್ಟಲು ಕೆಳಗಿಟ್ಟು, “ಬರ್ತೀನ್ರಿ,” ಎಂದು ಎದ್ದು ಹೋದ. ಆ ದಿನವೂ ಮಾತು ಉಳಿಯಿತು ಎಂದು ಮೂವರೂ ನಿಟ್ಟುಸಿರು ಬಿಟ್ಟರು.

ವ್ಯಾಪಾರಿ ಚಿತ್ರ ನೋಡಿ ಹಿಗ್ಗಿದ. ಸೀರೆಯೂ ಚೆಂದ, ಉಟ್ಟವಳೂ ಚೆಂದ. ನೇಕಾರ ಜಾಹೀರಾತಿಗೆಂದೇ ಕಳಿಸಿದ್ದಾನೆ ಎಂದುಕೊಂಡ. ಅಂಗಡಿಯ ಹೆಸರು ಹಾಕಿ ಊರೂರಿನ ಜನರ ಫೋನಿಗೆ ಹೋಗುವ ಹಾಗೆ ಮಾಡಿದ. ಅದು ಹುಡುಗಿಯ ಗಂಡನ ಫೋನಿಗೂ ಹೋಯಿತು. ಅವನು ಅಂಗಡಿಗೆ ಬಂದು, ಈ ಸೀರೆ ನೇಯ್ದವರು ಯಾರು ಎಂದು ಕೇಳಿದ. ಗಿರಾಕಿ ಎಂದು ವ್ಯಾಪಾರಿ ಅವನಿಗೆ ಚಹಾ ತರಿಸಿ ಕೊಟ್ಟ. ಊರು, ಕೇರಿ, ಮನೆ ಎಲ್ಲ ಹೇಳಿದ.

ಮರುದಿನ ಹಾಡಹಗಲೇ ಗಂಡ ಬಂದ. ಜೊತೆಗೆ ಹುಡುಗಿಯ ತಂದೆ, ಇನ್ನೂ ನಾಲ್ಕು ಹಿರಿಯರು. ಕೇರಿಯ ಜನ ಕೂಡಿದರು. ಪೊಲೀಸರನ್ನು ಕರೆಸುತ್ತೇನೆ ಎಂದ ನೇಕಾರ. ಗಂಡ ಹೆಂಡಿರ ನಡುವೆ ಪೊಲೀಸರು ಯಾಕೆ, ಮಂದಿಯ ಹೆಂಡತಿಯನ್ನು ಮನೆಯಲ್ಲಿ ಮುಚ್ಚಿಟ್ಟುಕೊಳ್ಳಲು ನೀನು ಯಾರು ಎಂದರು ಹಿರಿಯರು. ತಮಗೆ ಹೇಳದೆ ಮುಚ್ಚಿಟ್ಟನಲ್ಲ ಎಂಬ ಸಿಟ್ಟು ಕೇರಿಯವರಿಗೂ ಇತ್ತು. ಒಬ್ಬರೂ ಅವನ ಕಡೆ ನಿಲ್ಲಲಿಲ್ಲ.

ಆದರೂ ನೇಕಾರ ಬಾಗಿಲು ಬಿಡಲಿಲ್ಲ. ನನ್ನನ್ನು ತುಳಿದುಕೊಂಡು ಒಳಗೆ ಹೋಗಿ ಎಂದು ಹೊಸ್ತಿಲಲ್ಲಿ ಕೂತ. ಅವನು ಏಳುತ್ತಿರಲಿಲ್ಲ, ಅವನ ಹೆಂಡತಿಯೂ ಏಳಲು ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಹುಡುಗಿಯ ಗಂಡ ಫೋನನ್ನು ಕಿಟಕಿಯೊಳಗೆ ಚಾಚಿ ಅವಳಿಗೆ ತೋರಿಸಿದ.

“ನಿನ್ನ ಕಾಕಾನಽ ಕರೆ ಕಳಿಸ್ಯಾನ ನೋಡು,” ಎಂದ.

ಹುಡುಗಿ ನೋಡಿದಳು. ಹುಣಸೆ ಎಲೆಯ ದಡಿ, ಹೆಗಲ ಮೇಲೆ ಸೆರಗು, ತನ್ನದೇ ನಗು. ಆ ಚಿತ್ರ ತೆಗೆದಾಗ ಕೋಣೆಯಲ್ಲಿ ಇದ್ದವರು ಮೂರೇ ಜನ. ತಾನು ಕಳಿಸಿಲ್ಲ. ಉಳಿದವರು ಇಬ್ಬರು.

ಅವಳು ಅಳಲಿಲ್ಲ. ಮೂಲೆಯಲ್ಲಿದ್ದ ತನ್ನ ಚೀಲ ತೆಗೆದುಕೊಂಡಳು. ಹೊರಗೆ ಬಂದು ನೇಕಾರನ ಹೆಂಡತಿಯ ಮುಂದೆ ನಿಂತಳು.

“ಚಿಗವ್ವಾ, ನಾ ಇರೂದು ನಿಮಗ ಭಾರ ಆಗಿದ್ರ ಒಂದು ಮಾತು ಹೇಳಬೇಕಾಗಿತ್ತು. ನಾನಽ ಹೋಗ್ತಿದ್ದೆ,” ಎಂದಳು.

ನೇಕಾರ, ನಾನಲ್ಲವ್ವಾ, ನಾನಲ್ಲ ಎಂದ. ಅವನಾದರೂ ಏನು ಹೇಳಬೇಕು? ಚಿತ್ರ ಹೇಗೆ ಹೋಯಿತೆಂದು ಅವನಿಗೇ ಗೊತ್ತಿರಲಿಲ್ಲ. ಕೈ ಹಿಡಿಯಲು ಹೋದ, ಅವಳು ಕೈ ಬಿಡಿಸಿಕೊಂಡಳು. ಅವಳು ಒಲ್ಲೆ ಎಂದಿದ್ದರೆ ಅವನು ಆ ಹೊಸ್ತಿಲಲ್ಲೇ ಜೀವ ಬಿಡುತ್ತಿದ್ದ. ಅವಳು ಒಲ್ಲೆ ಎನ್ನಲಿಲ್ಲ. ತಾನಾಗಿ ಹೊಸ್ತಿಲು ದಾಟಿ, ಯಾರಿಗೆ ಹೆದರಿ ಓಡಿ ಬಂದಿದ್ದಳೋ ಅವನ ಹಿಂದೆಯೇ ನಡೆದು ಹೋದಳು. ಅಲ್ಲಿ ಹೊಡೆಯುತ್ತಾರೆ ಎಂದು ಗೊತ್ತಿತ್ತು. ಇಲ್ಲಿ ಏನಾಗುತ್ತದೆ ಎಂದು ಅವಳಿಗೆ ಇನ್ನು ಗೊತ್ತಿರಲಿಲ್ಲ.

ಆ ದಿನದಿಂದ ನೇಕಾರ ಮತ್ತು ಅವನ ಹೆಂಡತಿಯ ನಡುವೆಯೂ ಮಾತು ನಿಂತಿತು. ಒಬ್ಬರ ಮೇಲೆ ಒಬ್ಬರಿಗೆ ಸಂಶಯ. ಕೇಳಲು ಇಬ್ಬರಿಗೂ ಬಾಯಿ ಬರಲಿಲ್ಲ.

ಕೆಲವು ದಿನಗಳ ಮೇಲೆ ನೇಕಾರ ಸೀರೆಗಳನ್ನು ಕೊಡಲು ಪಟ್ಟಣಕ್ಕೆ ಹೋದ. ಅಂಗಡಿಯ ಬಾಗಿಲ ಮೇಲೆ ಹುಡುಗಿಯ ಚಿತ್ರ ಆಳೆತ್ತರಕ್ಕೆ ತೂಗುತ್ತಿತ್ತು. ವ್ಯಾಪಾರಿ ಎದ್ದು ಬಂದು ಕೈ ಹಿಡಿದು ಒಳಗೆ ಕರೆದ. ಅವನಿಂದ ಒಂದೊಂದಾಗಿ ಕೇಳಿ ತಿಳಿದುಕೊಂಡ ಮೇಲೆ ನೇಕಾರನಿಗೆ ಎಲ್ಲ ಅರ್ಥವಾಯಿತು. ಕೇಳಿದರೆ ನಂಬುತ್ತೀಯೋ ಇಲ್ಲವೋ, ಅವನಿಗೆ ಮೊದಲು ಆದದ್ದು ಸಂತೋಷ. ತಾನು ಹೇಳಿಲ್ಲ, ಹೆಂಡತಿಯೂ ಹೇಳಿಲ್ಲ. ಇದನ್ನು ಹುಡುಗಿಗೆ ಮುಟ್ಟಿಸಬೇಕು, ಅವಳು ಕೇಳಿದರೆ ತಿರುಗಿ ಬಂದಾಳು ಎಂದು ಅಲ್ಲಿಂದಲೇ ಅವಳ ಗಂಡನ ಊರಿಗೆ ಬಸ್ಸು ಹತ್ತಿದ.

ಆ ಮನೆಯವರು ಅವನನ್ನು ಒಳಗೆ ಬಿಡಲಿಲ್ಲ. ಬಾಗಿಲು ತೆರೆಯದೆ ಬೈದು ಕಳಿಸಿದರು. ಮರುವಾರ, ಅವನಿಂದ ಎಲ್ಲ ಕೇಳಿ ತಿಳಿದಿದ್ದ ಹೆಂಡತಿ ಹೋದಳು. ಅವಳು ಬೀದಿಯಲ್ಲಿ ನಿಂತು ಕೂಗಿ ಹೇಳಿದಳು. ಒಳಗೆ ಕೇಳಿಸಿತೋ ಇಲ್ಲವೋ, ಯಾವ ಉತ್ತರವೂ ಬರಲಿಲ್ಲ. ನೇಕಾರ ಮತ್ತೆ ಹೋಗಲು ಬಟ್ಟೆ ಹಾಕಿಕೊಳ್ಳುತ್ತಿದ್ದಾಗ ಸುದ್ದಿ ಬಂತು. ಹುಡುಗಿ ನೀರು ಸೇದಲು ಹೋಗಿ, ಕಾಲು ಜಾರಿ ಬಾವಿಗೆ ಬಿದ್ದು ಸತ್ತಳಂತೆ. ಕಾಲು ಜಾರಿತೆಂದು ಆ ಊರಿನಲ್ಲಿ ಯಾರೂ ನಂಬಲಿಲ್ಲ. ನಂಬಲಿಲ್ಲವೆಂದು ಯಾರೂ ಬಾಯಿ ಬಿಟ್ಟು ಹೇಳಲೂ ಇಲ್ಲ.

ಅಜ್ಜಾರು ಇಷ್ಟು ಹೇಳಿ ನಿಲ್ಲಿಸಿದರು. ಹೇಗಾದರೂ ನೇಕಾರನನ್ನು ಉಳಿಸಬೇಕು ಎಂದು ಮರುಳಯ್ಯನಿಗೆ ಅನ್ನಿಸಿತು.

“ಆದ್ರ ಅಜ್ಜಾರ, ನೇಕಾರ ಕೊಟ್ಟ ಮಾತು ಮುರೀಲಿಲ್ಲ ಹೌದಲ್ಲರಿ? ಅಂವ ಯಾರಿಗೂ ಹೇಳಿರಲಿಲ್ಲ. ಆ ಕಂಪ್ಯೂಟರು ಅವನ್ನ ಕೇಳಲಾರದ ಮಾಡಿದ್ದು. ಅಂವಂದೇನೂ ತಪ್ಪಿಲ್ಲ.”

“ತಪ್ಪಿಲ್ಲ,” ಎಂದರು ಅಜ್ಜಾರು. “ಹೋಗು, ಆ ಹುಡುಗಿಗೆ ಹೇಳಿ ಬಾ.”